ಬಲಗಡೆ ಬಾಗಿಲಿನ ಹೊಸ ಗಾಜು

ನಾನು ಒಂದು ಫಿಯಟ್ ಕಾರು. ಹುಟ್ಟಿದ್ದು ಮುಂಬೈಯ ಕಾರ್ಖಾನೆಯಲ್ಲಿ, ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ. ಮೈಬಣ್ಣ ಹಾಲಿನ ಕೆನೆಯದು. ಸಾಲಾಗಿ ನಿಲ್ಲಿಸಿದ್ದಾಗ ನಾವೆಲ್ಲ ಒಂದೇ ತರಹ ಇದ್ದೆವು. ಊರೂರಿಗೆ ಹಂಚಿಹೋದ ಮೇಲೆ ಒಬ್ಬೊಬ್ಬರದು ಒಂದೊಂದು ಹಣೆಬರಹ. ನನ್ನದು ಒಳ್ಳೆಯದೇ ಇತ್ತು ಎಂದು ಈ ವಯಸ್ಸಿನಲ್ಲಿ ಧೈರ್ಯವಾಗಿ ಹೇಳಬಲ್ಲೆ.

ಮೊದಲು ನನ್ನನ್ನು ಕೊಂಡವರು ಅರಸೀಕೆರೆಯ ಒಬ್ಬ ಡಾಕ್ಟರು. ಹೆರಿಗೆ ಕೇಸು ಎಂದರೆ ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದು ಬರುತ್ತಿದ್ದರು. ನನ್ನ ಸ್ಟೀರಿಂಗಿಗೆ ಸದಾ ಹುಳಿಯ ವಾಸನೆ. ಅವರು ತೀರಿಕೊಂಡ ಮೇಲೆ ತಿಪಟೂರಿನ ಮರುಳಯ್ಯ ಮೇಷ್ಟ್ರ ಕೈ ಸೇರಿದೆ. ಇವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮಕ್ಕಳಿಗೆ ಮಾಡಿಸಿದ್ದು ಸಾಲದೆಂದು ನನಗೂ ಡ್ರಿಲ್ ಮಾಡಿಸಿದರು. ತಿರುವು ಬಂದರೆ ಬಾಯಲ್ಲೇ "ಎಡಕ್ಕೆ ತಿರುಗ್" ಎನ್ನುವರು, ಆಮೇಲೆ ಸ್ಟೀರಿಂಗ್ ತಿರುಗಿಸುವರು.

ಅವರ ಹೆಂಡತಿ ದಾಕ್ಷಾಯಣಮ್ಮ ಮೂವತ್ತೊಂದು ವರ್ಷ ಹಿಂದಿನ ಸೀಟಿನಲ್ಲೇ ಕೂತರು. ಮುಂದಿನ ಸೀಟು ಭಾವಮೈದುನನಿಗೋ ಬೀಗರಿಗೋ ದಾರಿಯಲ್ಲಿ ಸಿಕ್ಕ ಹೆಡ್ಮಾಸ್ಟರಿಗೋ ಮೀಸಲು. ಆದರೆ ಹಿಂದೆ ಕೂತವರಿಗೆ ಕಣ್ಣಿರುತ್ತದೆ. ಮೇಷ್ಟ್ರು ಗೇರು ತಪ್ಪಾಗಿ ಹಾಕಿದರೆ ನನಗಿಂತ ಮೊದಲು ಆಯಮ್ಮ ಮುಖ ಹಿಂಡುತ್ತಿದ್ದರು. ಐವತ್ತೆಂಟನೇ ವಯಸ್ಸಿನಲ್ಲಿ ಒಂದು ದಿನ "ನಾನೂ ಕಲೀತೀನಿ" ಎಂದರು. ರಜೆಯ ದಿನಗಳಲ್ಲಿ ಕೊಬ್ಬರಿ ಮಾರುಕಟ್ಟೆಯ ಖಾಲಿ ಅಂಗಳದಲ್ಲಿ ಕಲಿತರು, ಲೈಸೆನ್ಸನ್ನೂ ತೆಗೆದರು. ನೊಣವಿನಕೆರೆಯಲ್ಲಿರುವ ಅಕ್ಕ ಸರ್ವಮಂಗಳಮ್ಮನಿಗೆ ಫೋನು ಮಾಡಿ, "ಈ ಸಲ ವಿಜಯದಶಮಿಗೆ ಬನ್ನಿ ಕೊಡೋಕೆ ನಾನೇ ಕಾರು ಓಡಿಸ್ಕಂಡು ಬರ್ತೀನಿ" ಎಂದು ಹೇಳಿಯೂಬಿಟ್ಟರು. ಮಾತು ಬೀದಿಗೆಲ್ಲ ಗೊತ್ತಾಯಿತು.

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ಡ್ರೈವರ್ ಕೂರುವ ಬಲಗಡೆ ಬಾಗಿಲಿನ ಗಾಜನ್ನು ಕೆಳಗಿನಿಂದ ಹಿಡಿದಿಡುವ ಒಂದು ತಗಡಿನ ಪಟ್ಟಿ ಇದೆ. ಅದಕ್ಕೆ ತುಕ್ಕು ಹಿಡಿದು ಎರಡು ವರ್ಷವಾಗಿತ್ತು. ಓಡುವಾಗಲೆಲ್ಲ ಗಾಜು ಕಟಕಟ ಎನ್ನುತ್ತಿತ್ತು. ಬಾಯಿಲ್ಲದ ನಾನು ಬೇರೆ ಹೇಗೆ ಹೇಳಲಿ? ಮೇಷ್ಟ್ರು ಕಾಗದ ಮಡಿಸಿ ಸಂದಿಗೆ ಸಿಕ್ಕಿಸಿ ನನ್ನ ಬಾಯಿ ಮುಚ್ಚಿಸಿದರು.

ಆಯುಧಪೂಜೆ ಬಂತು. ನನಗೆ ಸ್ನಾನ, ವಿಭೂತಿ, ಚೆಂಡುಹೂವಿನ ಹಾರ. ಕೊನೆಯಲ್ಲಿ ದೃಷ್ಟಿ ತೆಗೆದು ಈಡುಗಾಯಿ ಒಡೆಯುವುದು. ನಾಳೆ ಓಡಿಸುವವರೇ ಒಡೆಯಲಿ ಎಂದು ಮೇಷ್ಟ್ರು ಕಾಯನ್ನು ಹೆಂಡತಿಯ ಕೈಗೆ ಕೊಟ್ಟರು. ತಿಪಟೂರಿನವರಿಗೆ ತೆಂಗಿನಕಾಯಿಯ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿಲ್ಲ. ದಾಕ್ಷಾಯಣಮ್ಮ ಅದನ್ನು ವಾಪಸು ಇಟ್ಟು, ರಾಶಿಯಲ್ಲೇ ದಪ್ಪನೆಯ, ಕರಟ ಬಲಿತ ಕಾಯನ್ನು ಆರಿಸಿದರು. ಮೂರು ಸಲ ನಿವಾಳಿಸಿ, ಬೀದಿಯೆಲ್ಲ ನೋಡುತ್ತಿದ್ದಾಗ, ಮೂವತ್ತೊಂದು ವರ್ಷದ ಹಿಂದಿನ ಸೀಟಿನ ಬಲವನ್ನೆಲ್ಲ ಕೈಗೆ ತಂದುಕೊಂಡು ಚಪ್ಪಡಿಗೆ ಅಪ್ಪಳಿಸಿದರು. ಅರ್ಧ ಹೋಳು ಹಾರಿ ಬಂದು ನನ್ನ ಬಲಗಡೆ ಗಾಜಿಗೆ ಬಡಿಯಿತು. ಗಾಜು ಕಲ್ಲುಸಕ್ಕರೆಯ ಹಾಗೆ ಸುರಿದುಹೋಯಿತು.

ಮೇಷ್ಟ್ರೇ ಮೊದಲು, "ಹೋಗ್ಲಿ ಬಿಡು, ಇದ್ದ ದೃಷ್ಟಿ ಎಲ್ಲಾ ಗಾಜಿಗೆ ಹೋಯ್ತು" ಎಂದರು.

"ನಾನು ಕೂರೋ ಕಡೇದೇ ಒಡೀತಲ್ರೀ" ಎಂದರು ದಾಕ್ಷಾಯಣಮ್ಮ. "ಇದಕ್ಕೆ ನಾನು ಬ್ಯಾಡ. ನಾಳೆ ನೀವೇ ಓಡ್ಸಿ, ನಾನು ಹಿಂದೆ ಕೂತ್ಕಂತೀನಿ."

ಕೀಲಿಕೈಯನ್ನು ದೇವರ ಮುಂದಿನ ತಟ್ಟೆಯಲ್ಲಿಟ್ಟು ಒಳಗೆ ಹೋದರು. ಗಾಜು ಒಡೆದಿದ್ದಕ್ಕೆ ನನಗೆ ನೋವಾಗಲಿಲ್ಲ. ಆ ಮಾತಿಗೆ ಆಯಿತು. ಅಷ್ಟು ಹಗುರವಾಗಿ ಕ್ಲಚ್ ತುಳಿಯುವ ಕಾಲು ಅರವತ್ತೆಂಟರಿಂದ ಇವತ್ತಿನವರೆಗೆ ನನಗೆ ಸಿಕ್ಕಿರಲಿಲ್ಲ. ನೀವೇ ಬೇಕು ತಾಯಿ ಎನ್ನಲು ನನ್ನಲ್ಲಿದ್ದ ಒಂದು ಕಟಕಟವೂ ಈಗ ಪುಡಿಯಾಗಿ ನೆಲದ ಮೇಲೆ ಬಿದ್ದಿತ್ತು.

ಮೇಷ್ಟ್ರು ಕಾರಿನ ಗಾಜು ಕೂರಿಸುವ ಇಮಾಮ್ ಸಾಬರನ್ನು ಕರೆತಂದರು. ಬರಿಗೈಯಲ್ಲಿ ಬಂದಿದ್ದರು.

"ಸಾಮಾನೆಲ್ಲ ಪೂಜೆಗೆ ಕೂತವೆ ಮೇಷ್ಟ್ರೆ. ನಾಳೆ ಬೆಳಿಗ್ಗೆ ಎತ್ತೋಗಂಟ ಮುಟ್ಟಂಗಿಲ್ಲ. ನಮ್ಮ ಅಂಗಡಿ ಪಾಲುದಾರ ಚನ್ನಬಸಪ್ಪ ನೊಂದ್ಕೊತಾನೆ." ನನ್ನ ಬಾಗಿಲನ್ನು ಒಮ್ಮೆ ಸವರಿದರು. "ಕೈ ಮಾತ್ರ ಪೂಜೆಗೆ ಕೂತಿಲ್ಲ."

ಅಂಥ ಕೆಲಸವನ್ನು ನಾನು ಮತ್ತೆ ನೋಡಲಿಲ್ಲ. ಗಾಜು ಇಳಿಸುವ ಹಿಡಿಕೆಯನ್ನು ಒಳಗಿನಿಂದ ಒಂದು ಸಣ್ಣ ತಂತಿಯ ಕ್ಲಿಪ್ಪು ಹಿಡಿದಿರುತ್ತದೆ. ಹಳೇ ಲುಂಗಿಯ ಅಂಚನ್ನು ಹರಿದು ಹಿಡಿಕೆಯ ಹಿಂದೆ ತೂರಿಸಿದರು. ಮನೆಬಾಗಿಲ ಮರೆಯಲ್ಲಿ ನಿಂತಿದ್ದ ದಾಕ್ಷಾಯಣಮ್ಮನನ್ನು ಕರೆದರು.

"ತಾಯಿ, ಸ್ವಲ್ಪ ಸೆರಗು ಒಡ್ಡಿ. ಈ ಕ್ಲಿಪ್ಪು ಹಾರ್ತದೆ. ಬಿದ್ರೆ ಹುಡುಕೋಕಾಗಲ್ಲ."

ಒಲ್ಲದ ಮನಸ್ಸಿನಿಂದಲೇ ಬಂದು ಸೆರಗು ಒಡ್ಡಿದರು. ಸಾಬರು ಬಟ್ಟೆಯನ್ನು ಆಚೆ ಈಚೆ ಎಳೆದರು. ಮೂರನೇ ಎಳೆತಕ್ಕೆ ಕ್ಲಿಪ್ಪು ಹಾರಿ ಸೆರಗಿಗೆ ಬಿತ್ತು. ಸ್ಕ್ರೂಗಳನ್ನು ಹಳೇ ಎಂಟಾಣೆ ನಾಣ್ಯದಿಂದ ಬಿಚ್ಚಿ, ಒಳಗಿನ ಹಲಗೆ ತೆಗೆದು, ಬಾಗಿಲ ಹೊಟ್ಟೆಗೆ ಕೈ ಹಾಕಿದರು. ಗಾಜಿನ ಹರಳು ಸೇರುಗಟ್ಟಲೆ ಬಂತು. ಅದರ ಜೊತೆಗೆ ಡಾಕ್ಟರು ಕಳೆದುಕೊಂಡಿದ್ದ ಪೆನ್ನಿನ ಮುಚ್ಚಳ ಬಂತು. ಕೊನೆಗೆ ಬಂದದ್ದು ಆ ತಗಡಿನ ಪಟ್ಟಿ. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಸಾಬರು ಅದನ್ನು ದಾಕ್ಷಾಯಣಮ್ಮನ ಅಂಗೈಗೆ ಸುರಿದರು.

"ಇದು ನೋಡಿ ತಾಯಿ. ಗಾಜು ನಿಂತಿದ್ದು ಇದರ ಮೇಲೆ. ನಾಳೆ ನೀವು ಓಡಿಸ್ತಾ ಗಾಜು ಅರ್ಧ ಇಳಿಸಿ ಕೈ ತೋರಿಸೋಕೆ ಹೊರಗೆ ಚಾಚಿದಾಗ ಒಡೆದು ಬಿದ್ದಿದ್ರೆ? ಕಾಯಿ ಇವತ್ತೇ ಬೀಳಿಸ್ತು, ಒಳ್ಳೇದಾಯ್ತು."

ದಾಕ್ಷಾಯಣಮ್ಮ ತುಕ್ಕಿನ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಎರಡು ವರ್ಷದಿಂದ ಪಾಪ ಕಟಕಟ ಅಂತಾನೇ ಇತ್ತು. ನಾನು ಹಿಂದಿನ ಸೀಟಿಂದ ಹೇಳ್ದೆ. ಇವರು ಕಾಗದ ತುರುಕಿದ್ರು."

ಮೇಷ್ಟ್ರು ಎದುರುಮನೆಯ ತೆಂಗಿನಮರದ ತುದಿ ನೋಡತೊಡಗಿದರು.

"ನಾಳೆ ಎಷ್ಟೊತ್ತಿಗಾಗ್ತದೆ ಇಮಾಮಣ್ಣ?" ಎಂದರು ದಾಕ್ಷಾಯಣಮ್ಮ. ನನಗೆ ಹೋದ ಜೀವ ಬಂದಂತಾಯಿತು.

ನನ್ನಂಥ ಮುದುಕಿಗೆ ಅಂಗಡಿಯಲ್ಲಿ ಸಿದ್ಧ ಗಾಜು ಸಿಗುವುದಿಲ್ಲ. ಸಾಬರು ಸೀರೆ ಡಬ್ಬಿಯ ರಟ್ಟನ್ನು ಎಡಗಡೆ ಗಾಜಿಗೆ ಹಿಡಿದು, ಅದರ ಆಕಾರವನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡರು. ಮಗುಚಿ ಹಿಡಿದರೆ ಅದೇ ಬಲಗಡೆಯ ಅಳತೆ. ಬೆಳಿಗ್ಗೆ ಪೂಜೆ ಎತ್ತಿದ್ದೇ ತಡ, ಎರಡು ಪದರದ ಚಪ್ಪಟೆ ಗಾಜನ್ನು ಆ ರಟ್ಟಿನಂತೆ ಕೊಯ್ದು, ಅಂಚು ಉಜ್ಜಿ, ಹೊಸ ಪಟ್ಟಿಗೆ ರಬ್ಬರಿಟ್ಟು ಕೂರಿಸಿ ತಂದರು. ಬಾಗಿಲೊಳಗೆ ಮೆಲ್ಲಗೆ ಇಳಿಸಿದರು. ಆಮೇಲೆ ಪಕ್ಕಕ್ಕೆ ಸರಿದು, "ನೀವೇ ತಿರುಗಿಸಿ ತಾಯಿ" ಎಂದರು. ದಾಕ್ಷಾಯಣಮ್ಮ ಹಿಡಿಕೆ ತಿರುಗಿಸಿದರು. ಗಾಜು ಸದ್ದಿಲ್ಲದೆ ಮೇಲೆ ಬಂತು. ಇನ್ನೊಮ್ಮೆ ಇಳಿಸಿ, ಇನ್ನೊಮ್ಮೆ ಏರಿಸಿ, ತಟ್ಟೆಯಲ್ಲಿದ್ದ ಕೀಲಿಕೈ ತಂದರು.

ಮೇಷ್ಟ್ರು ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದರು.

"ಅಲ್ಲಿ ಬ್ಯಾಡ. ಇಲ್ಲದ ಬ್ರೇಕ್ ತುಳೀತಾ ಕೂರ್ತೀರಿ. ಹಿಂದೆ ಕೂತ್ಕಳಿ."

ದಾರಿಯುದ್ದಕ್ಕೂ ಮೇಷ್ಟ್ರು ಬನ್ನಿಸೊಪ್ಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೆಪ್ಪಗಿದ್ದರು. ನೊಣವಿನಕೆರೆಯ ತಿರುವಿನಲ್ಲಿ ಮಾತ್ರ ಅಭ್ಯಾಸಬಲದಿಂದ "ಬಲಕ್ಕೆ ತಿರುಗ್" ಎಂದರು. ಅಷ್ಟರಲ್ಲಿ ದಾಕ್ಷಾಯಣಮ್ಮ ಗಾಜು ಇಳಿಸಿ, ಹಸಿರು ಬಳೆಯ ಕೈ ಹೊರಗೆ ಚಾಚಿ, ತಿರುಗಿಯಾಗಿತ್ತು. ಸದ್ದು ಕೇಳಿ ಓಡಿಬಂದ ಸರ್ವಮಂಗಳಮ್ಮ ಎಂದಿನಂತೆ ತಂಗಿಯನ್ನು ಇಳಿಸಿಕೊಳ್ಳಲು ಹಿಂದಿನ ಬಾಗಿಲು ತೆಗೆದರು. ಒಳಗೆ ಮೇಷ್ಟ್ರಿದ್ದರು.

ಈಗ ನಾನು ಓಡುವುದು ಕಡಿಮೆ. ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ ಹೆಚ್ಚು ಹೊತ್ತು ನಿಂತಿರುತ್ತೇನೆ. ಬಲಗಡೆ ಗಾಜು ಉಳಿದವಕ್ಕಿಂತ ಕೊಂಚ ಹಸಿರು. ಕಂಡವರು ಜೋಡಿ ಇಲ್ಲ ಎನ್ನುತ್ತಾರೆ, ಅನ್ನಲಿ. ಬರಿಗೈಯಲ್ಲಿ ನನ್ನ ಹೊಟ್ಟೆಯ ಮಾತನ್ನು ಹೊರಗೆ ತೆಗೆದ ಆ ಸಾಬರನ್ನು ನಾನು ಮರೆತಿಲ್ಲ. ದಾಕ್ಷಾಯಣಮ್ಮನೂ ಮರೆತಿಲ್ಲ. ನನ್ನಲ್ಲಿ ಎಲ್ಲಿ ಸಣ್ಣ ಸದ್ದಾದರೂ ಗಾಡಿ ನಿಲ್ಲಿಸಿ, ಹಿಂದಿನ ಸೀಟಿನ ಕಡೆ ತಿರುಗಿ, "ಸುಮ್ನಿರಿ, ಅದೇನೋ ಹೇಳ್ತೈತೆ" ಎನ್ನುತ್ತಾರೆ.