ಹೇಳಿಕೊಟ್ಟ ಪ್ರಾರ್ಥನೆ

ಮರುದಿನ ವಿದ್ಯಾನಗರದ ಆಸ್ಪತ್ರೆಯಲ್ಲಿ ಸಮಾಧಾನಪ್ಪ ಮಾಸ್ತರರ ಕಣ್ಣಿನ ಆಪರೇಷನ್ ಇತ್ತು. ಮೂವತ್ತು ವರ್ಷ ಚರ್ಚಿನಲ್ಲಿ ಬೈಬಲ್ ಓದಿದ ಹಿರಿಯರು ಅವರು. ಕಣ್ಣೇ ಹೋದರೆ ಏನು ಗತಿ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು. ಆದರೂ ಆ ಸಂಜೆಯ ಮನೆಪ್ರಾರ್ಥನೆಯಲ್ಲಿ ಸಭೆಗೆ, ನಾಡಿಗೆ, ಮಳೆಬೆಳೆಗೆ ಗಂಭೀರವಾಗಿ ಬೇಡಿಕೊಂಡರೇ ಹೊರತು ತಮ್ಮ ಮಾತೆತ್ತದೆ ಆಮೆನ್ ಎಂದುಬಿಟ್ಟರು.

ಆರು ವರ್ಷದ ಮೊಮ್ಮಗಳು ಕೃಪಾ ಮಾತ್ರ ಚಾಪೆಯಿಂದ ಏಳಲಿಲ್ಲ.

“ಆಮೆನ್ ಆತಲ್ಲ, ಇನ್ನೇನ್ ಮಾಡಾಕತ್ತೀಯವ್ವ?”

“ದೇವ್ರು ಏನರ ಅಂತಾನೇನೋ ಅಂತ ಕೇಳಾಕತ್ತೇನ್ರಿ ಅಜ್ಜಾ. ನೀವು ಭಾಷಣ ಮುಗಿಸಿ ಎದ್ದ ಬಿಡ್ತೀರಿ.”

ಮಾಸ್ತರರಿಗೆ ನಗು ಬಂತು. ಕುತೂಹಲವೂ ಆಯಿತು.

“ನೀ ಏನ್ ಬೇಡ್ಕೊಂಡಿ?”

“ಅಜ್ಜಗ ಅಂಜಿಕಿ ಆಗೇತಿ, ಕೈ ಹಿಡ್ಕೋ ಅಂತ.”

ನನಗೆಲ್ಲಿಯ ಅಂಜಿಕೆ ಎನ್ನಹೊರಟವರು ಆ ಮಾತು ಬಿಟ್ಟರು. ಬದಲಿಗೆ ಕೇಳಿದರು, “ಅದನ್ನ ನಾ ಹೆಂಗ ಬೇಡ್ಕೋಬೇಕವ್ವ?”

“ಸಂಡೇ ಸ್ಕೂಲಿನ್ಯಾಗ ನೀವು ಹೇಳಿಕೊಡ್ತೀರಲ್ಲ, ಹಂಗ. ನಾ ಹೇಳ್ತೇನಿ, ನನ್ನ ಹಿಂದ ಅನ್ರಿ.”

ಮಾಸ್ತರರು ಕುರ್ಚಿಯಿಂದಿಳಿದು ಅವಳ ಪಕ್ಕದಲ್ಲಿ ಮಂಡಿಯೂರಿದರು.

“ಯೇಸಪ್ಪಾ, ನನಗ ಅಂಜಿಕಿ ಆಗೇತಿ.”

“ಯೇಸಪ್ಪಾ, ನನಗ...” ಅಷ್ಟಕ್ಕೇ ಅವರ ದನಿ ನಡುಗಿತು.

“ಸಾವಕಾಶ ಅನ್ರಿ ಅಜ್ಜಾ,” ಎಂದಳು ಕೃಪಾ. “ಅವಂಗೇನ್ ಅವಸರ ಇಲ್ಲ.”