ಎರಡಾಗಿ ಕಂಡ ರೆಪ್ಪೆ

ಮಂದಾಕಿನಿಯವರ ಕಣ್ಣಿನ ರೆಪ್ಪೆಗೂದಲು ಒಂದೊಂದೂ ಎರಡಾಗಿ ಕಾಣುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಆ ಕಣ್ಣನ್ನು ಅಂಗೈಯಗಲ ಹಿಗ್ಗಿಸಿಕೊಂಡು ನಾನು ನೋಡುತ್ತಿದ್ದೆ. ದೂರದಿಂದ ನೋಡಿದರೆ ಫೋಟೋ ಚೆನ್ನಾಗಿಯೇ ಇತ್ತು, ನನ್ನ ಸಂಕಟವೂ ಅದೇ. ಹತ್ತಿರ ಹೋದಾಗ ಮಾತ್ರ ಪ್ರತಿ ಕೂದಲಿನ ಕೆಳಗೂ ಅದರದೇ ತೆಳುವಾದ ನೆರಳೊಂದು ಅಂಟಿಕೊಂಡಿರುವುದು ತಿಳಿಯುತ್ತಿತ್ತು. ಸೆರಗಿನ ಕಸೂತಿಯ ಎಳೆಗಳೂ ಹಾಗೆಯೇ ಜೋಡಿಯಾಗಿದ್ದವು. ತೆಗೆದವರ ಕೈ ನಡುಗಿದೆ ಎಂದುಕೊಂಡೆ. ತೆಗೆದವರು ನನ್ನ ಗಂಡ.

ಮನೆಯ ಮುಂದಿನ ಕೋಣೆಯೇ ನಮ್ಮ ಫೋಟೋ ಸ್ಟುಡಿಯೋ. ತೆಗೆಯುವುದು ಅವರ ಕೆಲಸ, ತಿದ್ದುವುದು ನನ್ನ ಕೆಲಸ. ಮದುವೆಯಾದ ಹೊಸತರಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ತಿದ್ದುತ್ತಿದ್ದವಳು ಆಮೇಲೆ ಕಂಪ್ಯೂಟರಿಗೆ ಬಂದೆ. ಊರಿನವರ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವೂ ನನ್ನ ಕೈಯಲ್ಲೇ ಮಾಯವಾಗಿವೆ. ವರ್ಷಗಟ್ಟಲೆ ಹೀಗೆ ಕುಳಿತು ನೋಡಿದ್ದರಿಂದಲೋ ಏನೋ, ಫೋಟೋದಲ್ಲಿ ಇರುವವರಿಗಿಂತ ತೆಗೆದವರೇ ನನಗೆ ಹೆಚ್ಚು ಕಾಣುತ್ತಿದ್ದರು. ಅವರಿಗೆ ಹಸಿವಾಗಿತ್ತೋ, ಮದುವೆಮನೆಯಲ್ಲಿ ಯಾರ ಮೇಲಾದರೂ ರೇಗಿದ್ದರೋ, ಫೋಟೋ ನೋಡಿಯೇ ಹೇಳಿಬಿಡುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಕೈ ನಡುಗಿದ್ದನ್ನು ಮಾತ್ರ ಅಷ್ಟು ವರ್ಷಗಳಲ್ಲಿ ನಾನು ಕಂಡದ್ದು ಒಂದೇ ಒಂದು ಫೋಟೋದಲ್ಲಿ.

ಆ ಫೋಟೋ ನನ್ನದು. ಮನೆಯಲ್ಲಿ ನನಗೆ ಗಂಡು ಹುಡುಕುತ್ತಿದ್ದ ಕಾಲ. ಜಾತಕದ ಜೊತೆ ಕಳಿಸಲು ಫೋಟೋ ಬೇಕೆಂದು ಸದಾನಂದ ಎಂಬ ತರುಣನನ್ನು ಮನೆಗೇ ಕರೆಸಿದ್ದರು. ಫ್ಲ್ಯಾಶ್ ಬೆಳಕಿಗೆ ನಾನು ಕಣ್ಣು ಮುಚ್ಚಿಬಿಡುತ್ತಿದ್ದೆ, ಅದಕ್ಕೇ ಕಿಟಕಿಯ ಪಕ್ಕ ಕೂರಿಸಿ ತೆಗೆದರು. ಫೋಟೋ ಅಲುಗಿ ಬಂತು. ಮತ್ತೆ ಬಂದು ತೆಗೆದರು, ಮತ್ತೆ ಅಲುಗಿತು. ಇನ್ನೊಮ್ಮೆ ಬಂದಾಗಲೂ ಅದೇ ಕತೆ. ಆಗ ನಮ್ಮ ಸೋದರತ್ತೆ, "ಈ ಹುಡುಗನ ಕೈ ಸುಮ್‌ಸುಮ್ನೆ ನಡುಗ್ತಿಲ್ಲ ಕಣ್ರೇ, ನಮ್ಮ ಹುಡುಗೀನ ನೋಡಿ ನಡುಗ್ತಿದೆ. ಜಾತಕ ಯಾರ್ಯಾರಿಗೋ ಯಾಕೆ ಕಳಿಸ್ತೀರಾ, ಇವನ್ದೇ ತರಿಸಿ ನೋಡಿ" ಎಂದರು. ತರಿಸಿದರು, ಕೂಡಿಬಂತು, ಮದುವೆಯೂ ಆಯಿತು. ಅಲುಗಿದ ಆ ಫೋಟೋಗೆ ಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಯಲ್ಲಿ ತೂಗುಹಾಕಿದೆವು. ನಮ್ಮ ತವರಿನಲ್ಲಿ ಇವರಿಗೆ "ನಡುಕದ ಅಳಿಯ" ಎಂದೇ ಹೆಸರು ಬಿತ್ತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಾನು ಒಳಗೊಳಗೇ ಬೀಗುತ್ತಿದ್ದೆ. ಗಂಡನ ಪ್ರೀತಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದ ಸಾಕ್ಷಿ ಎಷ್ಟು ಜನ ಹೆಂಗಸರಿಗೆ ಇರುತ್ತದೆ?

ಈಗ ಆ ನಡುಕಕ್ಕೆ ಇನ್ನೊಬ್ಬಳು ಪಾಲುಗಾರ್ತಿ ಬಂದಿದ್ದಳು.

ಮಂದಾಕಿನಿ ನಮ್ಮ ಊರಿಗೆ ಹೊಸಬರು. ಕಸೂತಿ ಕಲಿಸುತ್ತಿದ್ದರು. ಹೆಚ್ಚುಕಮ್ಮಿ ನನ್ನದೇ ವಯಸ್ಸು. ತಲೆಗೆ ಬಣ್ಣ ಹಚ್ಚದೆಯೂ ಚೆಂದ ಕಾಣುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ, ಇವರು ಅಂಥವರು. ಅವರ ಸೀರೆಗಳ ಪ್ರದರ್ಶನಕ್ಕೆ ಒಂದು ಪುಸ್ತಿಕೆ ಮಾಡಿಸಬೇಕಾಗಿತ್ತು. ಅದಕ್ಕೆ ಅವರದೂ ಕಸೂತಿಯದೂ ಫೋಟೋ ಬೇಕೆಂದು ಬಂದರು. ನಮ್ಮವರು ಆಗಷ್ಟೇ ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದರು. ಒಳಗೆ ಕನ್ನಡಿಯೇ ಇಲ್ಲದ, ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾ. ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದ ದಿನಗಳವು.

"ಫ್ಲ್ಯಾಶ್ ಮಾತ್ರ ಬೇಡ ಸದಾನಂದ್" ಎಂದರು ಮಂದಾಕಿನಿ. "ದಾರದ ಹೊಳಪೆಲ್ಲ ಹೊರಟೋಗುತ್ತೆ. ನಮ್ಮನೇಗೇ ಬನ್ನಿ, ಕಿಟಕಿ ಬೆಳಕಲ್ಲಿ ತೆಗೀಬಹುದು."

ಕಿಟಕಿಯ ಬೆಳಕು ಎಂದ ತಕ್ಷಣ ನನ್ನ ಕಣ್ಣು ಗೋಡೆಯ ಮೇಲಿನ ನನ್ನ ಫೋಟೋದತ್ತ ಹೋಯಿತು. ಹೋದರು, ತೆಗೆದರು, ಫೋಟೋ ಅಲುಗಿ ಬಂತು. ಮತ್ತೆ ಹೋಗಬೇಕು ಎಂದರು. ಮತ್ತೆ ಹೋದರು, ಮತ್ತೆ ಅಲುಗಿತು. ನನ್ನ ಮದುವೆಯ ಕತೆಯೇ ನನ್ನ ಕಣ್ಣೆದುರಿಗೆ ಇನ್ನೊಬ್ಬಳ ಹೆಸರಿನಲ್ಲಿ ನಡೆಯುತ್ತಿತ್ತು. ಇದನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಕಲ್ಲೇ? ಹೊಟ್ಟೆಕಿಚ್ಚಿನಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ, ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಸ್ಟುಡಿಯೋದಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಪಾಸ್‌ಪೋರ್ಟ್ ಫೋಟೋಗಳನ್ನು ತೆರೆದು ನೋಡಿದೆ. ಯಾರ್ಯಾರದೋ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಬಿಸಿಲಿನಲ್ಲಿ ಓಡುತ್ತಿದ್ದ ಶಾಲಾ ಮಕ್ಕಳನ್ನು ತೆಗೆದಿದ್ದರು, ಅವೂ ಸ್ಪಷ್ಟ. ಆ ಒಬ್ಬಳ ರೆಪ್ಪೆ ಮಾತ್ರ ಎರಡು. ಇದಕ್ಕಿಂತ ಬೇರೆ ಸಾಕ್ಷಿ ಯಾಕೆ ಬೇಕು?

ನಮ್ಮವರೂ ಬದಲಾಗಿದ್ದರು. ಊಟಕ್ಕೆ ಕುಳಿತರೆ ಮಾತಿಲ್ಲ. ಕಾಫಿ ಲೋಟ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ನಾನು ನೋಡಿದರೆ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ.

"ಇನ್ನೂ ಎಷ್ಟು ಸಲ ಹೋಗ್ಬೇಕ್ರೀ ಆ ಮನೆಗೆ?"

"ಸರಿ ಬರೋ ತನಕ."

"ಸರಿ ಯಾಕೆ ಬರ್ತಿಲ್ಲ?"

ಅವರು ಕ್ಯಾಮೆರಾದ ಗಾಜು ಒರೆಸತೊಡಗಿದರು. ನನ್ನ ಮೈಯೆಲ್ಲ ಉರಿದುಹೋಯಿತು. "ನಾಳೆ ನಾನೂ ಬರ್ತೀನಿ" ಎಂದೆ. ಬೇಡ ಎನ್ನುತ್ತಾರೆ, ಆಗ ಹಿಡಿದುಕೊಳ್ಳೋಣ ಎಂದು ಕಾದಿದ್ದೆ. ಅವರು ಬೇಡ ಎನ್ನಲಿಲ್ಲ, "ಬಾ, ಒಳ್ಳೇದೇ ಆಯ್ತು" ಎಂದರು. ಅದು ಇನ್ನಷ್ಟು ಸಿಟ್ಟು ತರಿಸಿತು.

ಮಂದಾಕಿನಿಯವರ ಮನೆ ಚೊಕ್ಕಟವಾಗಿತ್ತು. ಅವರು ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟರು, ಮಜ್ಜಿಗೆ ಕೊಟ್ಟರು, ನನ್ನ ಬಳೆಗಳು ಚೆನ್ನಾಗಿವೆ ಎಂದರು. ಕೆಟ್ಟವಳಾಗಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ಅವರು ಕಿಟಕಿಯ ಬಳಿ ಸೂಜಿ ಹಿಡಿದು ಕುಳಿತರು. ನಮ್ಮವರು ಕ್ಯಾಮೆರಾ ಎತ್ತಿದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರ ಕೈಯನ್ನೇ ನೋಡಿದೆ. ಕೈ ಅಲುಗಲಿಲ್ಲ. ಹೆಂಡತಿ ಇದ್ದಾಳೆಂದು ಬಿಗಿಹಿಡಿದಿದ್ದಾರೆ ಎಂದುಕೊಂಡೆ.

"ಕೊಡಿ ಇಲ್ಲಿ, ನಾನೂ ಒಂದೆರಡು ತೆಗೀತೀನಿ" ಎಂದು ಕ್ಯಾಮೆರಾ ಕಿತ್ತುಕೊಂಡೆ. ನನ್ನ ಫೋಟೋ ಸ್ಪಷ್ಟ ಬಂದು ಅವರದು ಅಲುಗಿದರೆ ಅಲ್ಲಿಗೆ ಮುಗಿಯಿತು, ಆಮೇಲೆ ಯಾವ ಸಬೂಬೂ ನಡೆಯುವುದಿಲ್ಲ. ನಾನು ಉಸಿರು ಬಿಗಿಹಿಡಿದು, ಮೊಣಕೈಯನ್ನು ಮೇಜಿಗೆ ಊರಿ ತೆಗೆದೆ.

ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಕಂಪ್ಯೂಟರಿನ ಮುಂದೆ ಕುಳಿತೆ. ಅವರ ಫೋಟೋದಲ್ಲಿ ರೆಪ್ಪೆ ಎರಡಾಗಿತ್ತು. ನನ್ನದನ್ನು ತೆರೆದೆ. ಅದರಲ್ಲೂ ಎರಡಾಗಿತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆ ಹೆಂಗಸಿನ ಮುಂದೆ ನನ್ನ ಗಂಡನ ಕೈ ನಡುಗಬಹುದು, ನನ್ನ ಕೈ ಯಾಕೆ ನಡುಗಬೇಕು? ಸಿಟ್ಟಿಗೆ ನಡುಗಿತು ಎನ್ನೋಣವೆಂದರೆ ಎಲ್ಲ ಫೋಟೋಗಳಲ್ಲೂ ನೆರಳು ಒಂದೇ ತೆರನಾಗಿ, ನೇರ ಕೆಳಗೆ ಬಿದ್ದಿತ್ತು. ಕೈ ನಡುಗಿದರೆ ಒಮ್ಮೆ ಈಕಡೆ, ಒಮ್ಮೆ ಆಕಡೆ ಅಲುಗಬೇಕು. ಇದು ಇಬ್ಬರ ಕೈಯಲ್ಲೂ ಒಂದೇ ದಿಕ್ಕು.

"ರೀ, ಇಲ್ಲಿ ಬನ್ನಿ" ಎಂದೆ. "ನನ್ ಫೋಟೋನೂ ಅಲುಗಿದೆ."

ಅವರು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ನೋಡುತ್ತ ನೋಡುತ್ತ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತರು. "ನಿಂದೂನಾ?" ಎಂದರು. ಕಣ್ಣಲ್ಲಿ ನೀರು ಬಂದಿತ್ತು. "ನಂಗೂ ಅಪ್ಪನ ಕಾಯಿಲೆ ಬಂತು ಅಂದ್ಕೊಂಡಿದ್ದೆ ಕಣೇ."

ನಮ್ಮ ಮಾವನವರೂ ಫೋಟೋಗ್ರಾಫರು. ಕೊನೆಗಾಲದಲ್ಲಿ ಅವರ ಕೈಗಳು ಎಡೆಬಿಡದೆ ನಡುಗುತ್ತಿದ್ದವು, ಅನ್ನವನ್ನೂ ತಿನ್ನಿಸಬೇಕಾಗಿತ್ತು. ಇವರು ಕೈಯನ್ನು ಜೇಬಿನಲ್ಲಿ ಮುಚ್ಚಿಟ್ಟದ್ದು ಆ ಭಯಕ್ಕೆ. ನಾನು ಪ್ರೀತಿಯೆಂದು ಓದಿದ್ದು ಭಯವಾಗಿತ್ತು. ನನಗೆ ಸಮಾಧಾನವಾಯಿತು, ಅವರ ಮೇಲೆ ಕನಿಕರವೂ ಆಯಿತು. ಯಾವುದು ಮೊದಲು ಆಯಿತೆಂದು ಕೇಳಬೇಡಿ.

ಆಮೇಲೆ ಇಬ್ಬರೂ ಕ್ಯಾಮೆರಾದ ಹಿಂದೆ ಬಿದ್ದೆವು. ಗೋಡೆಗೆ ಹಳೆಯ ಪತ್ರಿಕೆಯ ಹಾಳೆ ಅಂಟಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಶಟರ್ ವೇಗ ಬದಲಿಸುತ್ತ ತೆಗೆದೆವು. ವೇಗ ಹೆಚ್ಚಿದ್ದಾಗ ಅಕ್ಷರ ಸ್ಪಷ್ಟ. ತೀರ ನಿಧಾನವಾದಾಗಲೂ ಸ್ಪಷ್ಟ. ನಡುವಿನ ವೇಗದಲ್ಲಿ, ಅಂದರೆ ಕಿಟಕಿಯ ಬೆಳಕಿಗೆ ಬೇಕಾಗುವಂಥ ವೇಗದಲ್ಲಿ ಮಾತ್ರ ಪತ್ರಿಕೆಯ ಒಂದೊಂದು ಅಕ್ಷರಕ್ಕೂ ಮಂದಾಕಿನಿಯವರ ರೆಪ್ಪೆಗೆ ಇದ್ದಂಥದೇ ನೆರಳು. ಕ್ಯಾಮೆರಾದ ಮೇಲೆ ಬೆರಳಿಟ್ಟು ಗುಂಡಿ ಒತ್ತಿದೆ. ಒಳಗೆ ಏನೋ ಬಡಿದದ್ದು ಬೆರಳಿಗೆ ತಾಗಿತು.

"ಶಟರ್ ಪರದೆ" ಎಂದರು ಅವರು ಮೆಲ್ಲಗೆ. "ಇದರಲ್ಲಿ ಪರದೆ ಯಾವಾಗ್ಲೂ ತೆರೆದೇ ಇರುತ್ತೆ. ಗುಂಡಿ ಒತ್ತಿದ್ರೆ ಮೊದಲು ಮುಚ್ಚಿ, ಆಮೇಲೆ ತೆರೆಯುತ್ತೆ. ಆ ಬಡಿತ ಅಡಗೋಕೆ ಮುಂಚೇನೇ ಫೋಟೋ ಬಿದ್ದುಬಿಡುತ್ತೆ. ಕ್ಯಾಮೆರಾನೂ ಹಗೂರ, ತಡ್ಕೊಳಲ್ಲ. ಕನ್ನಡಿಯೇ ಇಲ್ವಲ್ಲ, ಬಡಿತ ಎಲ್ಲಿಂದ ಬರುತ್ತೆ ಅಂತ ನಾನು ಆ ಕಡೆ ಯೋಚ್ನೇನೇ ಮಾಡ್ಲಿಲ್ಲ."

ಮೆನುವಿಗೆ ಹೋಗಿ ಪರದೆಯ ಕೆಲಸವನ್ನು ಮೆಕ್ಯಾನಿಕಲ್‌ನಿಂದ ಎಲೆಕ್ಟ್ರಾನಿಕ್‌ಗೆ, ಅಂದರೆ ಪರದೆ ಬಡಿಯದೆಯೇ ಫೋಟೋ ಬೀಳುವ ಹಾಗೆ ಬದಲಾಯಿಸಿದರು. ಅದೇ ವೇಗದಲ್ಲಿ ಮತ್ತೆ ತೆಗೆದೆವು. ಅಕ್ಷರಗಳು ಒಂದೊಂದೇ ಆದವು. ಅವರು ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡು ನಕ್ಕರು. ಸಂತೋಷಕ್ಕೆ ಬಾಯಿ ನಿಲ್ಲಲಿಲ್ಲ.

"ನನ್ನ ಕೈ ಯಾವತ್ತೂ ನಡುಗಿಲ್ಲ ಕಣೇ. ಯಾವತ್ತೂ."

"ಒಂದು ಸಲ ನಡುಗಿತ್ತಲ್ಲ" ಎಂದೆ ಗೋಡೆಯತ್ತ ಕೈ ತೋರಿಸಿ.

"ಅದಾ? ಅದೂ ಇಂಥದೇ. ಆ ಹಳೇ ಕ್ಯಾಮೆರಾದಲ್ಲಿ ಕನ್ನಡಿ ಪಟ್ಟಂತ ಮೇಲಕ್ಕೆ ಹಾರ್ತಿತ್ತು, ಅದರ ಏಟು. ನಿಂದು ಸ್ಟ್ಯಾಂಡ್ ಮೇಲಿಟ್ಟು ತೆಗೆದಿದ್ದು, ಮರ್ತೋಯ್ತಾ? ಸ್ಟ್ಯಾಂಡ್ ಮೇಲೆ ಕೈ ಎಲ್ಲಿಂದ ನಡುಗಬೇಕು?"

ಹೋಗಿ ನೋಡಿದೆ. ಕಟ್ಟಿನೊಳಗಿನ ಆ ಹುಡುಗಿಯ ರೆಪ್ಪೆಯ ಕೆಳಗೂ ನೆರಳು ನೇರವಾಗಿ ಬಿದ್ದಿತ್ತು. ಅಷ್ಟು ವರ್ಷ ಫೋಟೋ ಓದಿದವಳಿಗೆ ನನ್ನದನ್ನೇ ಓದಲು ಬಂದಿರಲಿಲ್ಲ. ಅಲ್ಲಿಯವರೆಗೆ ಮಂದಾಕಿನಿಯ ಮೇಲಿದ್ದ ಹೊಟ್ಟೆಯುರಿ ಈಗ ಆ ಹುಡುಗಿಯ ಕಡೆ ತಿರುಗಿತು. ಒಬ್ಬನ ಕೈ ತನಗಾಗಿ ನಡುಗಿತೆಂದು ನಂಬಿ ಎಷ್ಟು ಸುಖವಾಗಿ ಬಾಳಿದ್ದಳು ಅವಳು.

"ಬಾ, ಇಲ್ಲಿ ಕೂತ್ಕೊ. ಮುಖದ ಮೇಲೆ ಹೇಗೆ ಬರುತ್ತೆ ನೋಡೋಣ" ಎಂದು ಅವರು ಸ್ಟೂಲನ್ನು ಕಿಟಕಿಯ ಬಳಿಗೆ ಎಳೆದರು. ಕುಳಿತೆ. ಗುಂಡಿಯ ಸದ್ದು ಬರಲೆಂದು ಕಾದೆ. ಸದ್ದು ಬರಲೇ ಇಲ್ಲ.

"ಆಯ್ತಲ್ಲ" ಎಂದರು. ತೆಗೆದದ್ದೇ ನನಗೆ ಗೊತ್ತಾಗಿರಲಿಲ್ಲ. ಅವರು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರು. ಹಿಗ್ಗಿಸಿ ನೋಡಿದರು. ಅವರ ಮುಖದ ನಗು ಇಳಿಯಿತು.

"ಇದರಲ್ಲಿ ಯಾಕೆ ಹಿಂಗೆ ನೋಡ್ತಿದೀಯ?"

"ಎಷ್ಟೋ ದಿನದಿಂದ ಹಿಂಗೇ ನೋಡ್ತಿದೀನಿ. ನಿಮಗೆ ಈಗ ಕಾಣಿಸ್ತು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಂಪ್ಯೂಟರಿನಲ್ಲಿದ್ದ ಮಂದಾಕಿನಿಯವರ ಕಣ್ಣನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ, ಅಷ್ಟು ಪುಣ್ಯ.

"ಕೈ ನಡುಗಲಿಲ್ಲ ಅಂದ್ರೆ, ನಮ್ಮನೇಲಿ ಎಲ್ಲರೂ ಅಷ್ಟು ಆಡ್ಕೊಳೋವಾಗ ಯಾಕೆ ಸುಮ್ಮನಿದ್ರಿ?" ಎಂದೆ. "ಫೋಟೋಗ್ರಾಫರ್‌ನ ಕೈ ನಡುಗುತ್ತೆ ಅನ್ನೋದು ಸಣ್ಣ ಮಾತಾ?"

ಅವರು ಕ್ಯಾಮೆರಾ ಆರಿಸಿ, ಮುಚ್ಚಳ ಹಾಕಿ, ಸ್ಟ್ಯಾಂಡಿನಿಂದ ಇಳಿಸಿದರು.

"ಅದು ಕನ್ನಡಿ ಏಟು ಅಂತ ಮೊದಲ್ನೇ ಸಲಾನೇ ಗೊತ್ತಾಗಿತ್ತು. ಸರಿ ಮಾಡೋಕೂ ಬರ್ತಿತ್ತು" ಎಂದರು. "ಸರಿ ಮಾಡಿದ್ರೆ ಫೋಟೋ ಚೆನ್ನಾಗಿ ಬಂದಿರೋದು. ಚೆನ್ನಾಗಿ ಬಂದಿದ್ರೆ ಜಾತಕದ ಜೊತೆ ಬೇರೆ ಯಾರ ಮನೆಗೋ ಹೋಗಿರೋದು."

ಅವರು ಇನ್ನೊಂದು ಸ್ಟೂಲು ತಂದು ನನ್ನ ಪಕ್ಕಕ್ಕೆ ಹಾಕಿಕೊಂಡು ಕುಳಿತರು. ಎದುರಿಗೆ ಬರಿಯ ಸ್ಟ್ಯಾಂಡು ನಿಂತಿತ್ತು. ಕಿಟಕಿಯ ಬೆಳಕು ಇಬ್ಬರ ಮೇಲೂ ಬೀಳುತ್ತಿತ್ತು. ಯಾರೋ ನಮ್ಮಿಬ್ಬರ ಫೋಟೋ ತೆಗೆಯುತ್ತಿದ್ದಾರೆ ಎನ್ನುವ ಹಾಗೆ ನಾವು ಅಲುಗಾಡದೆ ಕುಳಿತೆವು.