ಕೇಳಿದ್ದು ಕೇಳಿದಂಗ

"ನೀ ಬರೇ ಕಿವಿ ಮತ್ತ ಬೆರಳು. ತಲಿ ಯಾರ ಕೇಳ್ಯಾರ ನಿನಗ? ಮಗ್ಗದಾಕಿ ಮಗಳು ಡಾಕ್ಟರ್ ಆಗಾಕ ಹೊಂಟೀಯೇನ?"

ಫೋನಿನಲ್ಲಿ ಬೈಯುತ್ತಿದ್ದವನು ಅಮರೇಶ. ಬಾಗಲಕೋಟೆಯ ದೊಡ್ಡ ಆಸ್ಪತ್ರೆಯೊಂದರ ಡಾಕ್ಟರು ರೋಗಿಗಳ ವರದಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಮನೆಮನೆಗೆ ಹಂಚಿ ಟೈಪು ಮಾಡಿಸುವ ಏಜೆಂಟ. ಬೈಸಿಕೊಳ್ಳುತ್ತಿದ್ದವಳು ಇಳಕಲ್ಲಿನ ಶೈಲಶ್ರೀ. ಅವಳ ತಪ್ಪು ಇಷ್ಟೇ: ಯುನೂಸನ ಎದೆ ಬೀಡಿ ಸೇದಿ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದನ್ನು ಕೇಳಿ, ಈತ ನಮ್ಮ ಓಣಿಯವನೇ, ಹದಿನೆಂಟು ವರ್ಷ ಗ್ರಾನೈಟ್ ಪಾಲಿಶ್ ಮಾಡಿದವನು, ಬೀಡಿ ಮುಟ್ಟಿದವನಲ್ಲ, ಇನ್ನೊಮ್ಮೆ ವಿಚಾರಿಸಿ ಎಂದಿದ್ದಳು.

"ಕೇಳಿದ್ದು ಕೇಳಿದಂಗ ಹೊಡಿ. ಒಂದು ಶಬ್ದ ಬಿಡಬ್ಯಾಡ, ಒಂದು ಕೂಡಸಬ್ಯಾಡ. ತಿಳೀತಿಲ್ಲೋ?"

ತಿಳಿಯಿತೆಂದು ಹೇಳಿ ಶೈಲಶ್ರೀ ಫೋನಿಟ್ಟಳು.

ಒಂದೇ ಖೋಲಿ. ಅವ್ವ ರತ್ನವ್ವನ ಕಾಲು ಕುಣಿಮಗ್ಗದೊಳಗೆ, ಮಗಳ ಕಾಲು ಧ್ವನಿ ಓಡಿಸಿ ನಿಲ್ಲಿಸುವ ಪೆಡಲಿನ ಮೇಲೆ. ನಾಲ್ಕು ವರ್ಷದಿಂದ ಆ ಡಾಕ್ಟರನ ಬಾಯಿ ಅವಳ ಕಿವಿಯಲ್ಲಿತ್ತು. ಭಜಿ ಜಗಿಯುತ್ತ, ತೇಗುತ್ತ, ಸೀನುತ್ತ ಮಂದಿಯ ರೋಗ ಹೇಳುವನು. ಕೆಲಸ ಮುಗಿದ ಮೇಲೆ ಅವಳು ಸೆರಗಿನ ತುದಿಯಿಂದ ಕಿವಿ ಒರೆಸಿಕೊಳ್ಳುವಳು. ಟೈಪಾದದ್ದನ್ನು ಆತನಾಗಲಿ ಅಮರೇಶನಾಗಲಿ ಎಂದೂ ಓದಿದವರಲ್ಲ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಸಹಿ ತಾನೇ ಬೀಳುತ್ತಿತ್ತು, ಮೊಹರಿನ ಶಿಕ್ಕಾ ಕೂಡ.

ಯುನೂಸನ ಹೆಂಡತಿ ಖೈರುನಬಿ ಈ ವರದಿಯ ಕಾಗದಕ್ಕಾಗಿ ಮೂರು ಸಲ ಬಾಗಲಕೋಟೆಯ ಬಸ್ಸು ಹತ್ತಿದ್ದಳು. ಕಲ್ಲಿನ ಧೂಳು ಎಂದಿದ್ದರೆ ಕಾರ್ಮಿಕ ಕಚೇರಿಯಲ್ಲಿ ಪರಿಹಾರ ಕೇಳಬಹುದು. ಬೀಡಿ ಎಂದಿದ್ದರೆ ಬಂದ ದಾರಿ ಹಿಡಿಯಬೇಕು.

ವರದಿ ಮುಗಿದರೂ ರೆಕಾರ್ಡಿಂಗ್ ಮುಗಿದಿರಲಿಲ್ಲ. ಡಾಕ್ಟರು ಬಂದ್ ಮಾಡುವುದನ್ನು ಮರೆತು ಯಾರಿಗೋ ಫೋನು ಹಚ್ಚಿದ್ದ. ಇಂಥದ್ದು ಬಂದಾಗ ಅವಳು ಕಾಲು ತೆಗೆದುಬಿಡುತ್ತಿದ್ದಳು. ಇವತ್ತು ತೆಗೆಯಲಿಲ್ಲ.

"ಸಾವಕಾರ್ರ, ನಿಶ್ಚಿಂತಿ ಇರ್ರಿ. ಬೀಡಿ ಅಂತ ಹಾಕೇನಿ. ಕಲ್ಲಿನ ಧೂಳ ಅಂದ್ರ ನಾಳಿ ಎಲ್ಲಾ ಬೋಳಿಮಕ್ಕಳು ನಿಮ್ಮ ಫ್ಯಾಕ್ಟರಿ ಬಾಗಲಾಗ ಬಂದು ಕುಂಡ್ರತಾರ. ಇವನೇನು, ಬ್ಯಾಸಗಿ ದಾಟೂದಿಲ್ಲ."

ಆಮೇಲೊಂದು ತೇಗು. ಶೈಲಶ್ರೀ ಪೆಡಲು ಒತ್ತಿ ಅದನ್ನು ಮತ್ತೊಮ್ಮೆ ಕೇಳಿದಳು. ಇಂಗ್ಲಿಷಿನ ವರದಿಯ ಕೆಳಗೆ ಡಾಕ್ಟರನ ಮಾತನ್ನೆಲ್ಲ ಅವನಾಡಿದ ಕನ್ನಡದಲ್ಲೇ ಹೊಡೆದಳು. ತೇಗನ್ನೂ ಬಿಡಲಿಲ್ಲ. ಏನು ಬರೆದೆ ಎಂದು ಕೇಳಿದ ಅವ್ವ, ಕೆಲಸ ಹೋಗುತ್ತದೆಂದು ಹೆದರಿದಳು.

"ಹೋಗ್ಲಿ ಬಿಡಬೇ. ಅವನ ಎಂಜಲಾ ಇನ್ನ ನನ್ನ ಕಿವಿಗೆ ಬ್ಯಾಡ."

ಕಳಿಸಿಬಿಟ್ಟಳು.

ಮೂರನೆಯ ದಿನ ಮಧ್ಯಾಹ್ನ ಖೈರುನಬಿ ಆಸ್ಪತ್ರೆಯಿಂದ ಕಾಗದ ತಂದಳು. ಸಹಿ ಇತ್ತು, ಶಿಕ್ಕಾ ಇತ್ತು. ಅದೇ ಹೊತ್ತಿಗೆ ಅಮರೇಶನ ಫೋನು ಬಡಿದುಕೊಳ್ಳತೊಡಗಿತು. ಶೈಲಶ್ರೀ ಎತ್ತಲಿಲ್ಲ. ನಾಳೆ ಕಾರ್ಮಿಕ ಕಚೇರಿಗೆ ತಾನೂ ಬರುತ್ತೇನೆ, ಈ ಮಾತು ಕಿವಿಯಾರೆ ಕೇಳಿದ್ದೇನೆಂದು ಹೇಳುತ್ತೇನೆ ಎಂದಳು.

ಖೈರುನಬಿ ನಾಲ್ಕನೆಯ ಇಯತ್ತೆವರೆಗೆ ಕನ್ನಡ ಸಾಲಿ ಕಲಿತವಳು. ಇಷ್ಟು ದಿನ ಗಂಡನ ಇಂಗ್ಲಿಷ್ ಕಾಗದಗಳಲ್ಲಿ ಒಂದಕ್ಷರವೂ ಅವಳಿಗೆ ಓದಲು ಬಂದಿರಲಿಲ್ಲ. ಈಗ ಕೆಳಗೆ ಕನ್ನಡ ಕಂಡು ಹೊಸ್ತಿಲಲ್ಲೇ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದಳು. ಸಾವಕಾರ. ಬೀಡಿ. ಧೂಳ. ಬೋಳಿಮಕ್ಕಳು.

ಯುನೂಸನ ಬಗ್ಗೆ ಡಾಕ್ಟರನಾಡಿದ ಕೊನೆಯ ಸಾಲು ಶೈಲಶ್ರೀಗೆ ಆಗ ನೆನಪಾಯಿತು. ಕಾಗದ ಇಸಿದುಕೊಳ್ಳಲು ಕೈ ಚಾಚಿದಳು.

"ತಡಿಯವಾ, ಇನ್ನೊಂದ ಸಾಲ ಐತಿ," ಎಂದಳು ಖೈರುನಬಿ.

ರತ್ನವ್ವನ ಮಗ್ಗ ನಿಂತಿತ್ತು. ಫೋನು ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು. ಖೈರುನಬಿಯ ಬೆರಳು ಬ್ಯಾಸಗಿ ಎಂಬಲ್ಲಿಗೆ ಬಂದು ನಿಂತಿತು.